ನಲವತ್ತೆರಡು ಮಂದಿಗೆ ಒಬ್ಬಳೇ ಅಜ್ಜಿ

ಅತನೂರಿನಿಂದ ಮೊದಲ ಬಸ್ಸು ಹೊರಡುವುದು ಮುಂಜಾನೆ ಐದೂ ನಲವತ್ತಕ್ಕೆ. ಹೊರಡುವುದು ಅಂದರೆ, ಬಂದರೆ. ಬರಲಿ ಬಿಡಲಿ, ಶಿವಕಾಂತಾ ಮಾತ್ರ ಐದೂವರೆಗೇ ರಸ್ತೆ ಬದಿಯ ಕಟ್ಟೆಯ ಮೇಲೆ ಚೀಲ ಇಟ್ಟುಕೊಂಡು ನಿಂತಿರುತ್ತಾರೆ. ಗೊಬ್ಬರದ ಎರಡು ಚೀಲಗಳನ್ನು ಒಂದರೊಳಗೊಂದು ಸೇರಿಸಿ ಹೊಲಿದು, ಹಳೆಯ ಸೀರೆಯ ಅಂಚಿನಿಂದ ಹಿಡಿಕೆ ಮಾಡಿದ ಚೀಲ. ಅದರ ಬಾಯಿ ಬಿಚ್ಚಿ ಒಳಗಿನ ಪುಸ್ತಕಗಳ ಬೆನ್ನ ಮೇಲೆ ಬೆರಳಾಡಿಸುತ್ತಾ ಎಣಿಸುತ್ತಾರೆ. "ಪಚ್ಚೀಸ್, ಛಬ್ಬೀಸ್, ಸತ್ತಾಯೀಸ್. ಬರೋಬ್ಬರಿ ಅದಾವ" ಎಂದು ಮತ್ತೆ ಬಾಯಿ ಕಟ್ಟುತ್ತಾರೆ.

ಬಸ್ಸು ಬರುತ್ತದೆ. ಚೀಲ ಮೊದಲು ಹತ್ತುತ್ತದೆ, ಅದರ ಹಿಂದೆ ಅವರು. ಕಂಡಕ್ಟರಿಗೆ ಇವರನ್ನು ಕಾಡದಿದ್ದರೆ ಬೆಳಗಾಗುವುದಿಲ್ಲ. "ಅಕ್ಕಾರ, ನಿಮಗ ಟಿಕೆಟ್ ಪುಕ್ಕಟೆ ಖರೆ. ಈ ಚೀಲಕ್ಕ ಮಾತ್ರ ಲಗೇಜ್ ಹಾಕಬೇಕಾಗ್ತದ ನೋಡ್ರಿ" ಅನ್ನುತ್ತಾನೆ. ಶಿವಕಾಂತಾ ಕಿಟಕಿಯ ಪಕ್ಕ ಕೂರುತ್ತಾ ಹೇಳುತ್ತಾರೆ: "ಇವನ್ನ ಬರದೋರೊಳಗ ಅರ್ಧ ಮಂದಿ ಹೆಂಗಸರೇ ಅದಾರೋ ತಮ್ಮಾ. ಅರ್ಧಾನೇ ಹಾಕು." ಹಿಂದಿನ ಸೀಟಿನಲ್ಲಿ ಕೊತ್ತಂಬರಿ ಗಂಟು ಹಿಡಿದು ಕೂತ ಮುದುಕಿ ಏನೂ ತಿಳಿಯದೆಯೇ ನಗುತ್ತಾಳೆ.

ಶಿವಕಾಂತಾ ಅವರಿಗೆ ಈಗ ನಲವತ್ತೆಂಟು. ಒಂದು ಖಾಸಗಿ ಶಿಕ್ಷಣ ಸಂಸ್ಥೆ ಆಳಂದ, ಅಫಜಲಪುರ, ಜೇವರ್ಗಿಗಳಲ್ಲಿ ಮೂರು ಸಣ್ಣ ಪದವಿ ಕಾಲೇಜು ನಡೆಸುತ್ತದೆ. ಮೂರೂ ಕಡೆ ಇಂಗ್ಲಿಷ್ ಐಚ್ಛಿಕ ವಿಷಯ ಇದೆ, ಕಲಿಸುವ ಮೇಷ್ಟ್ರಿಲ್ಲ; ಮೂರಕ್ಕೂ ಸೇರಿ ಇಂಗ್ಲಿಷ್ ಸಾಹಿತ್ಯದ ಪುಸ್ತಕಗಳು ಇರುವುದು ಇಪ್ಪತ್ತೇಳು. ಎಂದೋ ಒಬ್ಬ ಪುಣ್ಯಾತ್ಮರು ದಾನ ಕೊಟ್ಟಿದ್ದು. ಸೋಮವಾರ, ಮಂಗಳವಾರ ಪುಸ್ತಕಗಳು ಆಳಂದದಲ್ಲಿ ಇರಬೇಕು. ಬುಧವಾರ, ಗುರುವಾರ ಅಫಜಲಪುರದಲ್ಲಿ. ಶುಕ್ರವಾರ, ಶನಿವಾರ ಜೇವರ್ಗಿಯಲ್ಲಿ. ಪುಸ್ತಕಗಳಿಗೆ ಕಾಲಿಲ್ಲ. ಹದಿನೇಳು ವರ್ಷಗಳಿಂದ ಅವುಗಳ ಕಾಲು ಶಿವಕಾಂತಾ. ಗ್ರಂಥಾಲಯ ಸಹಾಯಕಿ ಎಂಬುದು ಕಾಗದದ ಮೇಲಿನ ಹೆಸರು. ಮೂರು ಊರಲ್ಲೂ ಎಲ್ಲರೂ ಕರೆಯುವುದು "ಚೀಲದಕ್ಕ" ಎಂದೇ.

ಚೀಲದ ತೂಕ ಹನ್ನೊಂದೂವರೆ ಕಿಲೋ. ಇದು ಅಂದಾಜಲ್ಲ, ಆಳಂದದ ತೊಗರಿ ಅಡತಿ ಅಂಗಡಿಯಲ್ಲಿ ತಕ್ಕಡಿಗೆ ಹಾಕಿಯೇ ತೂಗಿದ್ದು. ದಿನಕ್ಕೆ ಹೋಗಿ ಬರುವ ದಾರಿ, ಊರು ನೋಡಿಕೊಂಡು, ಅರವತ್ತರಿಂದ ನೂರಾ ಎಪ್ಪತ್ತು ಕಿಲೋಮೀಟರು. ಆಳಂದದ ಕಾಲೇಜಿಗೆ ಮೂವತ್ತೆರಡು ಮೆಟ್ಟಿಲು. ಬಲ ಹೆಗಲು ಎಡಕ್ಕಿಂತ ಒಂದು ಬೆರಳು ಕೆಳಗೆ ಇಳಿದಿದೆ. "ರವಿಕಿ ಹೊಲಿಯಾಕಿ ಹೇಳಿದ್ಲ್ರಿ. ನಂಗೇನ್ ಗೊತ್ತು, ಕನ್ನಡಿಯಾಗ ಅಷ್ಟೊತ್ತು ಯಾರ್ ನೋಡ್ಕೊಂತಾರ!" ಎಂದು ನಗುತ್ತಾರೆ.

ಇಷ್ಟೇ ಆಗಿದ್ದರೆ ಇದು ಹೆಗಲಿನ ಕತೆಯಾಗುತ್ತಿತ್ತು. ನಾನು ಇವರನ್ನು ಹುಡುಕಿಕೊಂಡು ಬಂದದ್ದು ಬೇರೆ ಕಾರಣಕ್ಕೆ. ಈ ಮೂರು ತಾಲ್ಲೂಕುಗಳಲ್ಲಿ ಹದಿನೈದು ವರ್ಷಗಳಿಂದ ಇಂಗ್ಲಿಷ್ ಐಚ್ಛಿಕ ಓದಿ ಪಾಸಾದವರನ್ನು ಯಾರನ್ನೇ ಕೇಳಿ, "ಅತನೂರ ನೋಟ್ಸ್ ಇತ್ತು, ಬಚಾವಾದೆ" ಅನ್ನುತ್ತಾರೆ. ಅತನೂರಿನ ಯಾರು ಬರೆದದ್ದು ಎಂದರೆ ಯಾರಿಗೂ ಗೊತ್ತಿಲ್ಲ. ಬರೆದವರು ಈ ಚೀಲದಕ್ಕ. ಬರೆಯುವಾಗ ಅವರು ಬಿ.ಎ. ಪಾಸಾಗಿರಲಿಲ್ಲ. ಅದೇ ಇಂಗ್ಲಿಷಿನ ಒಂದು ಪತ್ರಿಕೆ ಇಪ್ಪತ್ತಾರು ವರ್ಷ ಬಾಕಿ ಇತ್ತು. ಮತ್ತು ಅವರ ಬದುಕಿನ ಒಂದೇ ಆಸೆ, ಯಾವುದಾದರೂ ಇಂಗ್ಲಿಷ್ ಮೇಷ್ಟ್ರ ಎದುರಿಗೆ ಬೆಂಚಿನ ಮೇಲೆ ಕೂತು ಪಾಠ ಕೇಳುವುದು.

ಹೌದು, ಅವರು ಈ ತನಕ ಇಂಗ್ಲಿಷ್ ಸಾಹಿತ್ಯದ ಒಂದು ಪಾಠವನ್ನೂ ಕೇಳಿಲ್ಲ. ಅಫಜಲಪುರದಲ್ಲಿ ಅವರು ಓದಿದ ಮೂರು ವರ್ಷವೂ ಇಂಗ್ಲಿಷಿಗೆ ಮೇಷ್ಟ್ರಿರಲಿಲ್ಲ. "ಟೈಮ್ ಟೇಬಲ್ಲಿನ್ಯಾಗ ಹೆಸರು ಇತ್ತು. ಕುರ್ಚಿ ಇತ್ತು. ಕುರ್ಚಿ ಮ್ಯಾಲ ಧೂಳ ಇತ್ತು. ನಾವು ಐದು ಮಂದಿ ಹುಡುಗ್ಯಾರು ಆ ತಾಸಿನ್ಯಾಗ ಸುಮ್ಮ ಕುಂದ್ರತಿದ್ವಿ. ಒಬ್ಬಾಕಿ ಧೂಳ ಒರಸ್ತಿದ್ಲು, ಇವತ್ತರೇ ಬರ್ತಾರ ಅಂತ. ಯಾರೂ ಬರಲಿಲ್ರಿ." ಇದನ್ನು ಹೇಳುವಾಗ ಅವರಿಗೆ ಸಿಟ್ಟಿಲ್ಲ. ಕೇಳುವ ನನಗಿದೆ.

ಕೊನೆಯ ವರ್ಷ ಒಂದು ಪತ್ರಿಕೆ ಬಂತು: ಇಂಗ್ಲೆಂಡಿನ ಇತಿಹಾಸ, ಮತ, ಸಮಾಜ ಇವೆಲ್ಲ ಆ ದೇಶದ ಭಾಷೆಯನ್ನೂ ಸಾಹಿತ್ಯವನ್ನೂ ಹೇಗೆ ತಿದ್ದಿದವು ಎನ್ನುವುದು. ಅದರಲ್ಲಿ ಒಂದು ಪ್ರಶ್ನೆ, ಹದಿನೆಂಟನೇ ಶತಮಾನದ ಲಂಡನ್ನಿನ ಕಾಫಿ ಅಂಗಡಿಗಳು ಇಂಗ್ಲಿಷ್ ಗದ್ಯವನ್ನು ಬೆಳೆಸಿದ ಬಗೆ. ಶಿವಕಾಂತಾ ಅವರಿಗೆ ಲಂಡನ್ ಗೊತ್ತಿಲ್ಲ, ಕಾಫಿಯೂ ಗೊತ್ತಿಲ್ಲ. ಗೊತ್ತಿದ್ದದ್ದನ್ನು ಬರೆದರು. "ಅಫಜಲಪುರ ಬಸ್‌ಸ್ಟ್ಯಾಂಡಿನ ಹೊಟೇಲಿನ್ಯಾಗ ಗಂಡಸರು ಒಂದು ಚಾ ತಗೊಂಡು ಎರಡು ತಾಸು ಕುಂದ್ರತಾರ. ಒಬ್ಬಾಂವ ಪೇಪರ್ ಓದ್ತಾನ, ಎಂಟು ಮಂದಿ ಕೇಳ್ತಾರ, ಜಗಳಾ ಆಡ್ತಾರ. ಸರಕಾರ ಬೀಳಸ್ತಾರ, ಎಬ್ಬಸ್ತಾರ. ಹೆಂಗಸರು ಒಳಗ ಹೋಗಂಗಿಲ್ಲ. ಹಿಂಗ ಬರದೆ ನೋಡ್ರಿ. ಸೊನ್ನಿ ಹಾಕಿದ್ರು!" ಬೇಕಾದ್ದು ಮೂವತ್ತೈದು, ಬಂದದ್ದು ಇಪ್ಪತ್ತೇಳು. ಅಷ್ಟರಲ್ಲಿ ಮದುವೆ, ಎರಡು ಮಕ್ಕಳು, ಅತ್ತೆಯ ಕಾಯಿಲೆ. ಪತ್ರಿಕೆ ಅಲ್ಲೇ ಉಳಿಯಿತು.

ಹದಿನೇಳು ವರ್ಷಗಳ ಹಿಂದೆ ಚೀಲ ಹೊರುವ ಕೆಲಸ ಸಿಕ್ಕಿತು. ಬಸ್ಸಿನಲ್ಲಿ ಕೂತು ಕೂತು ಬೇಸರವಾಗಿ ಒಂದು ಪುಸ್ತಕ ತೆರೆದರು. ತೊಡೆಯ ಮೇಲೆ ನಿಘಂಟು. ಮೊದಮೊದಲು ಒಂದು ಪುಟಕ್ಕೆ ನಾಲ್ಕು ದಿನ ಬೇಕಾಗುತ್ತಿತ್ತು, ಬರಬರುತ್ತಾ ಓದು ಚುರುಕಾಯಿತು. ಎಂಟನೆಯದೋ ಒಂಬತ್ತನೆಯದೋ ಪುಸ್ತಕದಲ್ಲಿ, ಲಂಡನ್ನಿನ ಗಂಡಸರು ಒಂದು ಲೋಟ ಕಾಫಿಗೆ ತಾಸುಗಟ್ಟಲೆ ಕೂತು, ಒಬ್ಬ ಪತ್ರಿಕೆ ಓದಿದರೆ ಉಳಿದವರು ಕೇಳಿ ವಾದ ಮಾಡುತ್ತಿದ್ದರು, ಅವರಿಗಾಗಿಯೇ ಸಣ್ಣ ಸಣ್ಣ ಪ್ರಬಂಧಗಳು ಅಚ್ಚಾಗತೊಡಗಿದವು ಎಂಬ ವಿವರ ಸಿಕ್ಕಿತು. ಹೆಂಗಸರು ಗಿರಾಕಿಗಳಾಗಿ ಒಳಗೆ ಹೋಗುತ್ತಿರಲಿಲ್ಲ ಎಂಬುದೂ ಇತ್ತು. "ಯವ್ವಾ, ನಾ ಬರದಿದ್ದು ಅಷ್ಟೇನೂ ತಪ್ಪಿದ್ದಿಲ್ಲಲ್ಲ ಅನಸ್ತು. ಬಸ್ಸಿನ್ಯಾಗೇ ಅತ್ತುಬಿಟ್ಟೆರಿ. ಬಾಜೂದಾಕಿ ಯಾರರೇ ಸತ್ತಾರೇನು ಅಂತ ಕೇಳಿದ್ಲು."

ಅವತ್ತೇ ಅವರು ಒಂದು ಚೀಟಿ ಬರೆದು ಆ ಪುಟದಲ್ಲಿ ಇಟ್ಟರು. ಮುಂದೆ ಓದುವ ಹುಡುಗಿಗೆ ತನ್ನ ಗತಿ ಬರಬಾರದು, ಅಷ್ಟೇ. ಆಮೇಲೆ ಚೀಟಿಗಳು ಹೆಚ್ಚಿದವು. ಇವತ್ತು ಇಪ್ಪತ್ತೇಳು ಪುಸ್ತಕಗಳಲ್ಲಿ ಮುನ್ನೂರಾ ಹನ್ನೆರಡು ಚೀಟಿ ಇವೆ. ಜೇವರ್ಗಿಯ ದಾರಿಯಲ್ಲಿ, ಕಲಬುರಗಿ ಮುಟ್ಟುವ ತನಕ ನಾನು ಅವನ್ನೇ ಓದಿದೆ. ಕಾದಂಬರಿಯ ನಾಯಕಿ ಭಾನುವಾರ ಚರ್ಚಿಗೆ ಹೋಗುವಲ್ಲಿ ಹೀಗಿದೆ: "ಇವರಿಗೆ ಆಯಿತವಾರ ಅಂದರೆ ನಮಗ ಶ್ರಾವಣ ಸೋಮವಾರ. ಗುಡಿಗೆ ಹೋಗೂದು ದೇವರ ಸಲುವಾಗಿ ಖರೆ; ಯಾರ ಮಗಳು ಏನು ಉಟ್ಟಾಳ ಅಂತ ನೋಡಾಕೂ." ಸಾಹುಕಾರರ ಮನೆಯಲ್ಲಿ ಮಕ್ಕಳಿಗೆ ಓದು ಹೇಳಿಕೊಡಲು ಇದ್ದ ಬಡ ಹುಡುಗಿಯ ಬಗ್ಗೆ: "ಊಟ ಅದ, ಪಂಕ್ತಿ ಇಲ್ಲ." ಇದೇ ವಿಷಯಕ್ಕೆ ದಪ್ಪ ದಪ್ಪ ಪುಸ್ತಕ ಓದಿದವನು ನಾನು. ಈ ನಾಲ್ಕು ಪದದಷ್ಟು ಯಾವುದೂ ತಿಳಿಸಿರಲಿಲ್ಲ.

ದೇವರ ಪುಸ್ತಕವನ್ನು ಲ್ಯಾಟಿನ್ನಿನಿಂದ ಜನರ ಇಂಗ್ಲಿಷಿಗೆ ತಂದವರನ್ನು ಸುಟ್ಟದ್ದೇಕೆ ಎಂಬಲ್ಲಿ ಶರಣರನ್ನು ತರುತ್ತಾರೆ. ದೇವರ ಜೊತೆ ಕನ್ನಡದಲ್ಲಿ ಮಾತಾಡಿದರೆ ಯಾರಿಗೆ ಯಾಕೆ ಸಿಟ್ಟು ಬರುತ್ತದೆ ಎಂಬುದು ಕಲ್ಯಾಣದ ಸೀಮೆಯವರಿಗೆ ಬೇರೆ ಹೇಳಬೇಕಿಲ್ಲ. ಫ್ರೆಂಚ್ ಮಾತಾಡುವ ದೊರೆಗಳು ಇಂಗ್ಲೆಂಡನ್ನು ಗೆದ್ದಾಗ ಕೋರ್ಟು ಕಚೇರಿಯ ಮಾತೆಲ್ಲ ಅವರದಾಯಿತು, ನೇಗಿಲ ಮಾತು ಮಾತ್ರ ರೈತನ ಬಾಯಲ್ಲೇ ಉಳಿಯಿತು ಎಂಬಲ್ಲಿ ಉರ್ದುವಿನಲ್ಲಿ ಆಡಳಿತ ನಡೆಸಿದ ನಿಜಾಮನನ್ನು ತಂದಿದ್ದಾರೆ. ಅಲ್ಲೇ ಅವರ ಅಜ್ಜಿಯೂ ಬಂದಳು, ಮುಂದಿನ ಫಜೀತಿಗೆಲ್ಲ ಕಾರಣಳಾದಳು.

ಚೀಟಿಯಲ್ಲಿದ್ದದ್ದನ್ನು ಹುಡುಗಿಯರು ಪರೀಕ್ಷೆಗೆ ಬರೆಯುವುದಾದರೂ ಹೇಗೆ? ಅದು ಇಂಗ್ಲಿಷಿನಲ್ಲಿ ಇರಬೇಕಲ್ಲ. "ಅಕ್ಕಾ, ಉತ್ತರಾನೇ ಬರದು ಕೊಡ್ರಿ" ಎಂದು ಬೆನ್ನು ಹತ್ತಿದರು. ಶಿವಕಾಂತಾ ನೂರು ಪುಟದ ಒಂದು ನೋಟ್‌ಬುಕ್ಕಿನ ಎಡಕ್ಕೆ ಕನ್ನಡ, ಬಲಕ್ಕೆ ಇಂಗ್ಲಿಷ್ ಬರೆದು ಕೊಟ್ಟರು. ಯಾರೋ ಜೆರಾಕ್ಸ್ ಮಾಡಿಸಿದರು. ಜೆರಾಕ್ಸಿನ ಜೆರಾಕ್ಸು, ಅದರ ಜೆರಾಕ್ಸು. ಕೊನೆಗೆ ಮೂರು ಊರಿನ ಬಸ್‌ಸ್ಟ್ಯಾಂಡಿನ ಅಂಗಡಿಗಳಲ್ಲೂ ಅದು ಕಟ್ಟು ಕಟ್ಟಾಗಿ ಮಾರಾಟಕ್ಕೆ ಬಂತು. ಹೆಸರಿರಲಿಲ್ಲ. ಆಳಂದದಲ್ಲಿ ಜೆರಾಕ್ಸ್ ಅಂಗಡಿ ನಡೆಸುವ ಅರುಣಕುಮಾರ ಹೇಳುತ್ತಾರೆ: "ಯಾರೋ ದೊಡ್ಡ ಪ್ರೊಫೆಸರ್ ಬರದಿರಬೇಕು ಅಂತ ತಿಳಕೊಂಡಿದ್ದೆರಿ. ಈ ಅಕ್ಕಾರು ದಿನಾ ನಮ್ಮ ಅಂಗಡಿ ಮುಂದೇ ಚೀಲ ಇಟ್ಟು ದಣಿವು ಆರಿಸ್ಕೊಂತಿದ್ರು. ಒಂದ್ ದಿನಾನೂ ಬಾಯಿ ಬಿಟ್ಟು ಹೇಳಲಿಲ್ಲ."

ಹೋದ ವರ್ಷ ವಿಶ್ವವಿದ್ಯಾಲಯ ಹಳೆಯ ಬಾಕಿದಾರರಿಗೆ ಕೊನೆಯ ಅವಕಾಶ ಕೊಟ್ಟಿತು. ಒಂದೇ ಸಲ, ಈಗಿನ ವಿದ್ಯಾರ್ಥಿಗಳ ಜೊತೆಗೇ ಕೂತು, ಅದೇ ಪ್ರಶ್ನೆಪತ್ರಿಕೆ ಬರೆಯಬೇಕು. ಪಾಸಾದರೆ ಪದವಿ, ಇಲ್ಲದಿದ್ದರೆ ಮತ್ತೆ ಕೇಳುವಂತಿಲ್ಲ. ಪದವಿ ಬಂದರೆ ಎಂ.ಎ. ಕ್ಲಾಸಿಗೆ ಅರ್ಜಿ ಹಾಕಬಹುದು, ಬೆಂಚಿನ ಮೇಲೆ ಕೂರಬಹುದು. ಶಿವಕಾಂತಾ ಅವರ ಗಂಡ ಮಾಳಿಂಗ ಹೊಲದವರು, ಮಾತು ಕಮ್ಮಿ. ಅರ್ಜಿ ತುಂಬುವ ದಿನ ಅವರೇ ಫೋಟೋ ತೆಗೆಸಲು ಕರೆದುಕೊಂಡು ಹೋದರಂತೆ. "ಅಕೀ ನಿದ್ದಿಗಣ್ಣಿನ್ಯಾಗೂ ಆ ಧೂಳಿನ ಕುರ್ಚಿ ಸುದ್ದೀನೇ ಮಾತಾಡ್ತಾಳ್ರಿ. ಒಮ್ಮೆ ಕುಂತು ಬರಲಿ" ಎಂದಷ್ಟೇ ಅವರು ನನಗೆ ಹೇಳಿದ್ದು.

ಪರೀಕ್ಷೆ ಬರೆದರು. ಫಲಿತಾಂಶದ ದಿನ ಅವರ ಸಂಖ್ಯೆಯ ಎದುರು ಅಂಕ ಇರಲಿಲ್ಲ. "ತಡೆಹಿಡಿಯಲಾಗಿದೆ" ಎಂದಿತ್ತು. ಹಾಗೆ ತಡೆಹಿಡಿದವರು ಒಟ್ಟು ನಲವತ್ತೆರಡು ಮಂದಿ. ಎಲ್ಲರೂ ಈ ಮೂರೇ ತಾಲ್ಲೂಕಿನವರು. ಸಾಮೂಹಿಕ ನಕಲು ಎಂಬ ಅನುಮಾನ.

ಆದದ್ದಿಷ್ಟು. ಫ್ರೆಂಚ್ ದೊರೆಗಳ ಕಾಲದ ಮಾತಿನ ಬಗ್ಗೆ ಪ್ರಶ್ನೆ ಇತ್ತು. ನೋಟ್ಸಿನಲ್ಲಿ ಶಿವಕಾಂತಾ ತಮ್ಮ ಮನೆಯದೇ ಉದಾಹರಣೆ ಕೊಟ್ಟಿದ್ದರು: "ಅತನೂರಿನ ನನ್ನ ಅಜ್ಜಿ ತುಳಜಾಬಾಯಿ ನಿಜಾಮನ ಕಾಲದಲ್ಲಿ ಬೆಳೆದವಳು. ಮನೆಯಲ್ಲಿ ಹೊಲ ಅನ್ನುತ್ತಿದ್ದಳು. ಕಂದಾಯದ ಅಧಿಕಾರಿ ಗಿರದಾವರ ಬಂದಾಗ ಸೆರಗು ತಲೆಯ ಮೇಲೆ ಹೊದ್ದು ಜಮೀನು ಅನ್ನುತ್ತಿದ್ದಳು. ಎರಡೂ ಅದೇ ಮಣ್ಣು. ಆದರೆ ಒಂದನ್ನು ಆಡುವಾಗ ಅಜ್ಜಿ ಕೂತಿರುತ್ತಿದ್ದಳು, ಇನ್ನೊಂದನ್ನು ಆಡುವಾಗ ನಿಂತಿರುತ್ತಿದ್ದಳು." ನಮ್ಮ ಕಡೆಯ ಹುಡುಗರ ಬಾಯಿಪಾಠ ಗೊತ್ತಲ್ಲ! ಒಂದಕ್ಷರ ಅತ್ತಿತ್ತ ಮಾಡುವುದಿಲ್ಲ. ನಲವತ್ತೊಂದು ಮಂದಿ ಅಜ್ಜಿಯ ಸಮೇತ ಇಳಿಸಿಬಿಟ್ಟಿದ್ದರು. ನನ್ನ ಅಜ್ಜಿ ತುಳಜಾಬಾಯಿ, ನನ್ನ ಅಜ್ಜಿ ತುಳಜಾಬಾಯಿ. ನಲವತ್ತೆರಡನೆಯವರು ಶಿವಕಾಂತಾ. ಅವರು ನೋಟ್ಸ್ ನೋಡದೆ, ಹೊಸದಾಗಿಯೇ ಬರೆದಿದ್ದರು; ಆದರೆ ಅಜ್ಜಿಯನ್ನು ಎಲ್ಲಿ ಬಿಡುವುದು?

ಉತ್ತರಪತ್ರಿಕೆ ನೋಡಿದವರು ಕಂಗಾಲು. ವಿಚಾರಣೆಗೆ ಸಮಿತಿ ನೇಮಿಸಲಾಯಿತು. ಅದರ ಮುಖ್ಯಸ್ಥರಾಗಿದ್ದವರು ನಿವೃತ್ತ ಇಂಗ್ಲಿಷ್ ಪ್ರಾಧ್ಯಾಪಕ ವಾಮನರಾವ್. ಫೋನಿನಲ್ಲಿ ಮಾತಾಡುವಾಗ ಅವರಿಗೆ ಈಗಲೂ ನಗು ತಡೆಯುವುದಿಲ್ಲ. "ಮೊದಲನೇ ಪತ್ರಿಕೆ ಓದಿದಾಗ ಭಾಳ ಛಲೋ ಅನಸ್ತು. ಅಜ್ಜಿ ಸೆರಗು ಹೊದ್ದು ನಿಂತಾಳ, ವಾ! ಎರಡನೇದರಾಗೂ ಅಜ್ಜಿ. ಹತ್ತನೇದಕ್ಕ ಬರೂದ್ರೊಳಗ ಅಕೀ ನಮ್ಮ ಅಜ್ಜೀನೇ ಇರಬೇಕು ಅನ್ನಾಕ ಶುರುವಾತು."

ನಲವತ್ತೆರಡು ಮಂದಿಯನ್ನೂ ಒಂದೇ ಹಾಲಿಗೆ ಕರೆಸಿದ್ದರು. ಅವರಲ್ಲಿ ಒಬ್ಬಳು ಜೇವರ್ಗಿಯ ಬದರುನ್ನಿಸಾ. ಆಗ ಅಂತಿಮ ಬಿ.ಎ. ಬರೆದಿದ್ದಳು, ಫಲಿತಾಂಶ ನಿಂತದ್ದರಿಂದ ಬಿ.ಎಡ್. ಸೀಟು ಕೈ ತಪ್ಪುವುದರಲ್ಲಿತ್ತು. ಅವಳು ಹೇಳಿದ್ದು: "ಸರ್ ಮೊದಲ ನಮ್ಮ ಕ್ಲಾಸಿನ ಹುಸೇನಪೀರನ್ನ ಎಬ್ಬಿಸಿದ್ರು. ತುಳಜಾಬಾಯಿ ನಿಮ್ಮ ಅಜ್ಜಿ ಏನಪಾ ಅಂತ ಕೇಳಿದ್ರು. ಅಂವ ಬೆವರಿಬಿಟ್ಟ. 'ನೋಟ್ಸಿನ್ಯಾಗ ಹಂಗೇ ಇತ್ರಿ ಸರ್' ಅಂದ. ಯಾರ್ ನಗಬೇಕು ಯಾರ್ ಅಳಬೇಕು! ಆಮ್ಯಾಲೆ ಸರ್ ಎಲ್ಲಾರಿಗೂ ಕೇಳಿದ್ರು, ಈ ತುಳಜಾಬಾಯಿ ಖರೇ ಇದ್ಲೋ ಇಲ್ಲೋ? ಇದ್ದರ ಯಾರ ಅಜ್ಜಿ?"

ಶಿವಕಾಂತಾ ಕೊನೆಯ ಸಾಲಿನಲ್ಲಿದ್ದರು. ಅಜ್ಜಿ ತಮ್ಮವಳು ಎಂದು ಎದ್ದರೆ ತಾವು ಪಾರಾಗಬಹುದು, ಉಳಿದ ನಲವತ್ತೊಂದು ಮಂದಿ ಕದ್ದವರಾಗುತ್ತಾರೆ. ಸುಮ್ಮನಿದ್ದರೆ ಅವರ ಕೊನೆಯ ಅವಕಾಶವೂ ಹೋಗುತ್ತದೆ. "ನನಗ ಆ ಹೊತ್ತಿಗೆ ಪಾಸು ನಪಾಸು ತಲ್ಯಾಗ ಇರಲಿಲ್ರಿ" ಎನ್ನುತ್ತಾರೆ. "ಅಜ್ಜಿ ಇದ್ಲೋ ಇಲ್ಲೋ ಅಂತ ಕೇಳಿದ್ರಲ್ಲ, ಅದು ಎದಿಗೆ ಬಿತ್ತು. ಎದ್ದು ನಿಂತೆ. ನಮ್ಮ ಅಜ್ಜಿ ಸರ್. ನಾನೇ ಬರದಿದ್ದು, ನಾನೇ ಇವರಿಗೆ ಕೊಟ್ಟಿದ್ದು. ಇವರು ಕಳವು ಮಾಡಿಲ್ಲ. ಕಲಿಸೋರು ಇಲ್ಲದ ಮಕ್ಕಳು, ಕೊಟ್ಟಿದ್ದನ್ನ ಹಂಗೇ ನುಂಗ್ಯಾರ. ಶಿಕ್ಷಾ ಕೊಡೂದಿದ್ದರ ನಂಗ ಕೊಡ್ರಿ ಅಂದೆ."

ವಾಮನರಾವ್ ಶಿವಕಾಂತಾ ಅವರನ್ನು ಮುಂದೆ ಕರೆದು ಕೂರಿಸಿದರು. ಪುರಾವೆ ಕೇಳಲಿಲ್ಲ. ಅಜ್ಜಿಯ ಬಗ್ಗೆ ಇನ್ನೂ ಹೇಳಿ ಅಂದರು. ಹೇಳಿದರು. ಆಮೇಲೆ ಕಾಫಿ ಅಂಗಡಿ, ಅಚ್ಚಿನ ಯಂತ್ರ, ಗಿರಣಿ, ರೈಲು, ರೈಲಿನಲ್ಲಿ ಓದಲೆಂದೇ ಬಂದ ಕಾದಂಬರಿ. ನಲವತ್ತು ನಿಮಿಷ. ಮಧ್ಯೆ ಒಂದು ಕಡೆ ವಾಮನರಾವ್ ತಡೆದರು: "ಅಲ್ಲ ತಾಯಿ, ಅಚ್ಚಿನ ಯಂತ್ರ ಬಂದ ಮ್ಯಾಲೆ ದೊಡ್ಡ ಪ್ಲೇಗು ಅಂತ ಬರದೀರಿ. ಪ್ಲೇಗು ಮೊದಲ. ಅಚ್ಚು ಬಂದಿದ್ದು ನೂರಾ ಇಪ್ಪತ್ತೆಂಟು ವರ್ಷ ಆದಮ್ಯಾಲೆ. ಮಂದಿ ಸತ್ತು ಕೂಲಿಯವರು ಕಮ್ಮಿ ಆದ್ರು, ಉಳಿದವರ ಮಾತಿಗೆ ಕಿಮ್ಮತ್ತು ಬಂತು, ಅವರ ಇಂಗ್ಲಿಷಿಗೂ ಬಂತು."

ಇಷ್ಟು ವರ್ಷ ತಪ್ಪು ಹೇಳಿಕೊಟ್ಟೆನಲ್ಲ ಎಂದು ಶಿವಕಾಂತಾ ಕುಸಿಯಬೇಕಿತ್ತು. ನಾನಾಗಿದ್ದರೆ ಕುಸಿಯುತ್ತಿದ್ದೆ. ಅವರು ಹೇಳುವುದೇ ಬೇರೆ. "ನಾಚಿಕಿ ಆತು ಖರೆ. ಆದರ ಎಷ್ಟು ಖುಷಿ ಆತು ಅಂತೀರಿ! ಜಿಂದಗಿಯೊಳಗ ಮೊದಲ ಸಲ ಒಬ್ಬರು ಎದುರಿಗೆ ಕುಂತು, ಇದು ತಪ್ಪು, ಇದು ಹಿಂಗ ಅಂತ ನಂಗ ಹೇಳಿದ್ರು. ಇನ್ನೊಂದು ತಪ್ಪು ಇರಬಾರದಿತ್ತಾ ಅನಸ್ತು. ಅದೇ ನನ್ನ ಮೊದಲನೇ ಕ್ಲಾಸ್ ಅಂತ ತಿಳಕೊಂಡೇನಿ."

ಸಮಿತಿ ಆ ದಿನ ಎಲ್ಲರ ಕೈಗೂ ಒಂದು ಖಾಲಿ ಹಾಳೆ ಕೊಟ್ಟಿತು. ನಿಮ್ಮ ನಿಮ್ಮ ಮನೆಯ ಹಿರಿಯರ ಮಾತು, ಪೂಜೆ, ಕೆಲಸ. ಅದಕ್ಕೂ ನೀವು ಓದಿದ ಇಂಗ್ಲೆಂಡಿಗೂ ಏನು ಸಂಬಂಧ, ಬರೆಯಿರಿ. ಒಂದು ತಾಸು. ಈ ಪ್ರಶ್ನೆಗೆ ಯಾವ ಅಂಗಡಿಯಲ್ಲೂ ನೋಟ್ಸ್ ಸಿಗುವುದಿಲ್ಲ. ಬದರುನ್ನಿಸಾ ತನ್ನ ಅಜ್ಜಿ ಚಾಂದಬೀ ಬಗ್ಗೆ ಬರೆದಳು. "ನಮ್ಮ ದಾದಿ ಬಳಿ ಮಾರ್ತಿದ್ಲು. ಮಂದಿ ಬಾಗಿಲಿಗೆ ಕನ್ನಡ, ಮನ್ಯಾಗ ನಮ್ಮ ಉರ್ದು, ನಮಾಜಿಗೆ ಅರಬ್ಬಿ. ಅರಬ್ಬಿ ಅರ್ಥ ಅಕೀಗಿ ಗೊತ್ತಿರಲಿಲ್ಲ. ಆದರ ಕಣ್ಣಾಗ ನೀರು ಬರ್ತಿತ್ತು. ಇಂಗ್ಲೆಂಡಿನ ಬಡ ಹೆಂಗಸು ಲ್ಯಾಟಿನ್ ಪ್ರಾರ್ಥನಿ ಕೇಳ್ತಿದ್ದಾಗ ಹಿಂಗೇ ಆಗಿರಬೇಕು ಅಂತ ಬರದೆ. ಇಂಗ್ಲಿಷ್ ತಪ್ಪಿತ್ತು. ಪರವಾ ಇಲ್ಲ, ದಾದಿ ನಮ್ಮಾಕಿ."

ಹಾಳೆಗಳನ್ನು ಓದಿದ ಸಮಿತಿ, ಕಾಪಿ ಚೀಟಿ ಯಾರ ಬಳಿಯೂ ಇರಲಿಲ್ಲ, ಇದು ಕಳ್ಳತನವಲ್ಲ, ಬಾಯಿಪಾಠ ಎಂದು ಷರಾ ಬರೆಯಿತು. ಫಲಿತಾಂಶ ಹೊರಬಿತ್ತು. ನಲವತ್ತೆರಡರಲ್ಲಿ ಮೂವತ್ತಾರು ಪಾಸು. ಬದರುನ್ನಿಸಾಗೆ ಬಿ.ಎಡ್. ಸೀಟು ಉಳಿಯಿತು. ಶಿವಕಾಂತಾ ಅವರಿಗೆ ಐವತ್ತೆಂಟು ಅಂಕ.

ಅಂಕಪಟ್ಟಿ ಕೈಗೆ ಬಂದ ವಾರ ಅವರು ಮಾಡಿದ ಕೆಲಸ ಕೇಳಿ. ಕೆಂಪು ಪೆನ್ನು ಹಿಡಿದು ಮೂರು ಊರಿನ ಒಂಬತ್ತು ಜೆರಾಕ್ಸ್ ಅಂಗಡಿಗಳಿಗೂ ಹೋಗಿ, ನೋಟ್ಸಿನ ಮೂಲಪ್ರತಿಯಲ್ಲಿ ಪ್ಲೇಗು ಮತ್ತು ಅಚ್ಚಿನ ಜಾಗ ತಿದ್ದಿಸಿದರು. ಅಜ್ಜಿಯ ಮಾತು ಇದ್ದ ಕಡೆ ಅದನ್ನು ಹೊಡೆದು ಹಾಕಿ "ಇಲ್ಲಿ ನಿಮ್ಮ ಮನೆಯದು ಬರೆಯಿರಿ" ಎಂದು ಬರೆದರು. ಅರುಣಕುಮಾರ ಮೊದಲ ಪುಟದಲ್ಲಿ ಅವರ ಹೆಸರು ಹಾಕುತ್ತೇನೆಂದು ಹಟ ಹಿಡಿದರಂತೆ. "ಹೆಸರು ಹಿಂದಾಗಡೆ ನೋಡೂಣು, ಮೊದಲ ಪ್ಲೇಗು ಮುಂದ ಹಾಕೋ ತಮ್ಮಾ" ಎಂದು ಇವರು ಎದ್ದು ಬಂದರು.

ಎಂ.ಎ.ಗೆ ಅರ್ಜಿ ಹಾಕಿ ಈಗ ಒಂದು ತಿಂಗಳಾಗಿದೆ. ಕಲಬುರಗಿಯಲ್ಲಿ ದಿನಾ ಕ್ಲಾಸು. ಮನೆಯಲ್ಲೇ ಕೂತು ಅಂಚೆಯಲ್ಲಿ ಓದಬಹುದಲ್ಲ ಎಂದು ಸಂಸ್ಥೆಯವರು ಬುದ್ಧಿ ಹೇಳಿದರು. ಕ್ಲಾಸೇ ಬೇಕೆಂದರೆ ಚೀಲ ಬಿಡಬೇಕು, ಎರಡೂ ಆಗದು ಎಂದರು. ಅದು ಅವರ ಕಡೆಯಿಂದ ನ್ಯಾಯವೇ. ಶಿವಕಾಂತಾ ಒಂದು ದಿನವೂ ಯೋಚಿಸಲಿಲ್ಲ. "ಮಂದಿ ಹುಚ್ಚು ಅಂತಾರ್ರಿ. ಐವತ್ತರ ಹತ್ರ ಬಂದಾಕಿ, ಇದ್ದ ಕೆಲಸ ಬಿಟ್ಟು ಸಾಲಿಗೆ ಹೊಂಟಾಳ ಅಂತ. ಅನ್ನಲಿ. ಹೊಲದಾಗ ತೊಗರಿ ಅದ, ಮನಿಯವರ ಕೈ ಗಟ್ಟಿ ಅದಾವ, ಉಪವಾಸ ಬೀಳಂಗಿಲ್ಲ. ನಂಗ ನೌಕರಿ ಆಸೆ ಇಲ್ಲ. ಲೆಕ್ಚರರ್ ಆಗ್ತೇನಿ ಅಂತನೂ ಅಲ್ಲ. ಯಾರರೇ ಮುಂದ ನಿಂತು ಮಾತಾಡಬೇಕು, ನಾ ಕೆಳಗ ಕುಂತು ಕೇಳಬೇಕು. ಅಷ್ಟು." ಒಂದೇ ದಿನವಾದರೂ ನಿಮ್ಮ ಕ್ಲಾಸಿನಲ್ಲಿ ಕೂರಲೇ ಎಂದು ವಾಮನರಾವ್ ಅವರನ್ನೂ ಕೇಳಿದ್ದರಂತೆ. "ನಾನು ರಿಟೈರ್ ಆಗಿ ಆರು ವರ್ಷ. ಅಕೀ ಕೇಳಿದ ದಿನ, ನನಗೀಗ ಕ್ಲಾಸೇ ಇಲ್ಲ ಅನ್ನೂದು ಮೊದಲ ಸಲ ನೋವಾತು" ಎಂದರು ಅವರು ನನಗೆ, ನಗು ನಿಲ್ಲಿಸಿ.

ನಾವು ಜೇವರ್ಗಿಯಿಂದ ಮರಳುವುದು ಶನಿವಾರ ಮಧ್ಯಾಹ್ನ. ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ಚೀಲ ನನ್ನ ಮಡಿಲಲ್ಲಿ ಕೂತಿದೆ, ಹನ್ನೊಂದೂವರೆ ಕಿಲೋ ಎಂದರೆ ಏನೆಂದು ನನ್ನ ಮೊಣಕಾಲಿಗೆ ಗೊತ್ತಾಗುತ್ತಿದೆ. ಕಟ್ಟಿಸಂಗಾವಿಯ ಸೇತುವೆ ಹತ್ತಿರ ಬಂದಾಗ ಶಿವಕಾಂತಾ ಅವರ ಫೋನು ಬಡಿದುಕೊಳ್ಳುತ್ತದೆ. ಬದರುನ್ನಿಸಾ. ಕಲಬುರಗಿಯಲ್ಲಿ ಎಂ.ಎ. ಆಯ್ಕೆಪಟ್ಟಿ ಹಚ್ಚಿದ್ದಾರೆ, ಅವಳೇ ಹೋಗಿ ನೋಡಿದ್ದಾಳೆ. "ಅಕ್ಕಾ, ನಿಮ್ಮ ಹೆಸರು ಮೂವತ್ತೊಂದನೇದು! ಸೋಮವಾರದಿಂದ ಕ್ಲಾಸ್!" ಅವಳ ಕೂಗು ಎರಡು ಸೀಟಿನಾಚೆಗೂ ಕೇಳಿಸುತ್ತದೆ.

ಶಿವಕಾಂತಾ ಫೋನು ಇಟ್ಟು ಕೆಳಗಿನ ಭೀಮಾ ನದಿಯತ್ತ ನೋಡುತ್ತಾರೆ. ಸೆರಗಿನಿಂದ ಕಣ್ಣು ಒರೆಸಿಕೊಂಡು, "ಸೋಮವಾರ ಅಂದ್ರ ನಾಡಿದ್ದೇ ಆತಲ್ರಿ" ಅನ್ನುತ್ತಾರೆ. ಮೊದಲ ದಿನ ಏನು ಮಾಡುತ್ತೀರಿ ಎಂದು ಕೇಳುತ್ತೇನೆ.

"ಕೈ ಎತ್ತಿ ಒಂದು ಪ್ರಶ್ನಿ ಕೇಳ್ತೇನಿ. ಇಷ್ಟು ವರ್ಷ ಬರೇ ಉತ್ತರ ಬರದೇನ್ರಿ, ಪ್ರಶ್ನಿ ಕೇಳಾಕ ಯಾರೂ ಇರಲಿಲ್ಲ. ಇಂಗ್ಲೆಂಡಿನ ಒಬ್ಬ ರಾಜ ಪೋಪನ ಕೂಡ ಜಗಳಾ ಆಡಿ ಮಠ ಎಲ್ಲಾ ಮುಚ್ಚಿಸಿದ. ಎಂಟ್ನೂರು ಮಠ. ಅವುಗಳ ಜಮೀನು ಯಾರಿಗೆ ಹೋತು ಬರದಾರ. ಬೆಳ್ಳಿ ಬಂಗಾರ ಎಲ್ಲಿ ಹೋತು ಬರದಾರ. ಪುಸ್ತಕ ಹರದು ಆ ಹಾಳ್ಯಾಗ ಏನು ಕಟ್ಟಿದ್ರು ಅದೂ ಬರದಾರ. ಆ ಮಠದಾಗ ದಿನಾ ಉಣತಿದ್ದ ಬಡವರು ಇದ್ರಲ್ರಿ, ಬಾಗಿಲು ಮುಚ್ಚಿದ ಮರುದಿನ ಅವರು ಎಲ್ಲಿ ಉಂಡ್ರು? ಇಪ್ಪತ್ತೇಳೂ ಪುಸ್ತಕ ಹುಡಿಕೇನಿ. ಅದೊಂದು ಯಾರೂ ಬರದಿಲ್ಲ."